ಹಳೆ ಪಿಕಪ್ಪಿನ ಇಂಜಿನ್ ಬಿಚ್ಚುವ ಮೊದಲು

ಕಲಬುರಗಿ ಗಂಜಿಗೆ, ಅಂದರೆ ಎಪಿಎಂಸಿ ಮಾರುಕಟ್ಟೆಗೆ, ಹೊಸ ತೊಗರಿ ಬರತೊಡಗುವ ಡಿಸೆಂಬರ್-ಜನವರಿಯಲ್ಲಿ ಗ್ಯಾರೇಜುಗಳಲ್ಲಿ ಹೆಚ್ಚಾಗಿ ಕೇಳಿಬರುವ ದೂರು ಎರಡು: ‘ಗಾಡಿ ಹೊಗಿ ಹೊಡೀಲಾಕತ್ತದ’, ‘ಲೋಡ್ ಎಳೀವಲ್ದು’. ಸಿಗುವ ಉತ್ತರ ಮಾತ್ರ ಒಂದೇ: ‘ಇಂಜಿನ್ ಹೋಗ್ಯಾದ, ಬಿಚ್ಚಬೇಕಾಗ್ತದ.’ ಮೂರು-ನಾಲ್ಕು ಲಕ್ಷ ಕಿಲೋಮೀಟರ್ ಓಡಿದ ಬೊಲೆರೊ ಪಿಕಪ್ಪೋ ಟಾಟಾ 207ಓ ಆಗಿದ್ದರೆ, ಇಷ್ಟು ಓಡಿದ ಮೇಲೆ ಹೋಗಲೇಬೇಕಲ್ಲ ಎಂದು ಮಾಲೀಕನೂ ಒಪ್ಪಿಬಿಡುತ್ತಾನೆ. ಒಪ್ಪಿದ ಮೇಲೆ ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ, ಸುಗ್ಗಿಯ ಬಾಡಿಗೆ ಬೇರೆಯವರ ಪಾಲು. ಬಿಚ್ಚಿ, ಬೋರ್ ಹೊಡೆಸಿ (ಸವೆದ ಸಿಲಿಂಡರಿನ ಒಳಮೈ ಕೊರೆಸಿ), ಕೂಡಿಸಿ ತಂದ ಮೇಲೂ ಅದೇ ಸೈಲೆನ್ಸರಿನಿಂದ ಅದೇ ಹೊಗೆ ಬಂದದ್ದನ್ನು ನೋಡಿದವರು ನಮ್ಮ ಕಡೆ ಕಡಿಮೆಯೇನಿಲ್ಲ.

ಹೊಗೆಗಾಗಲಿ, ಸದ್ದಿಗಾಗಲಿ, ಗಾಡಿ ಹೀಟ್ ಆಗುವುದಕ್ಕಾಗಲಿ ಕಾರಣಗಳು ಹತ್ತಿರುತ್ತವೆ. ಅವುಗಳಲ್ಲಿ ನಿಮ್ಮ ಗಾಡಿಯದ್ದು ಯಾವುದೆಂದು ಹಿಡಿಯಬೇಕಾದರೆ ‘ಏನಾಗಿದೆ’ ಎನ್ನುವುದರ ಜೊತೆಗೆ ‘ಯಾವಾಗ ಆಗುತ್ತದೆ’ ಎಂದೂ ಕೇಳಬೇಕು. ಬೆಳಗ್ಗೆ ತಣ್ಣಗಿದ್ದಾಗಲೋ, ಕಾಯ್ದ ಮೇಲೋ? ಖಾಲಿ ಇದ್ದಾಗಲೋ, ಲೋಡಿನಲ್ಲೋ? ನಿಂತಲ್ಲೋ, ಏರಿನಲ್ಲೋ? ಆಕ್ಸಿಲರೇಟರ್ ಒತ್ತಿದಾಗಲೋ, ಬಿಟ್ಟಾಗಲೋ? ಈ ಉತ್ತರಗಳು ಮಿಸ್ತ್ರಿಗಿಂತ ಚೆನ್ನಾಗಿ ಗೊತ್ತಿರುವುದು ದಿನಾ ಗಾಡಿ ಹೊಡೆಯುವವನಿಗೆ. ಅವನು ಅದನ್ನು ಹೇಳುವುದಿಲ್ಲ, ಗ್ಯಾರೇಜಿನವರು ಕೇಳುವುದೂ ಇಲ್ಲ.

ಡೀಸೆಲ್ ಇಂಜಿನ್ನಿಗೆ ಕಿಡಿ ಬೇಕಿಲ್ಲ. ಪಿಸ್ಟನ್ ಗಾಳಿಯನ್ನು ಹದಿನೇಳರಿಂದ ಇಪ್ಪತ್ತೆರಡು ಪಟ್ಟು ಒತ್ತಿ 500 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸುತ್ತದೆ. ಆ ಹೊತ್ತಿಗೆ ಸರಿಯಾಗಿ ನಾಜಲ್ ಡೀಸೆಲನ್ನು ಸಣ್ಣ ತುಂತುರಾಗಿ ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಅಂದರೆ ನೋಡಬೇಕಾದ್ದು ಮೂರು: ಗಾಳಿ ಸಾಕಷ್ಟು ಬರುತ್ತಿದೆಯೇ, ಡೀಸೆಲ್ ಸರಿಯಾದ ಹೊತ್ತಿಗೆ ಸರಿಯಾದ ಅಳತೆಯಲ್ಲಿ ಬರುತ್ತಿದೆಯೇ, ಒತ್ತಿದ ಗಾಳಿ ಒಳಗೇ ನಿಲ್ಲುತ್ತಿದೆಯೇ. ಮೂರನೆಯದು, ಅಂದರೆ ಕಂಪ್ರೆಷನ್, ಕೆಟ್ಟಿದ್ದರೆ ಇಂಜಿನ್ ಬಿಚ್ಚುವ ಮಾತು ಬರುತ್ತದೆ. ಮೊದಲಿನ ಎರಡನ್ನು ಹೊರಗಿನಿಂದಲೇ ನೋಡಬಹುದು, ಹೊರಗಿನಿಂದಲೇ ಸರಿಮಾಡಲೂಬಹುದು. ನಮ್ಮ ಧೂಳು, ನಮ್ಮ ಕ್ಯಾನಿನ ಡೀಸೆಲ್ ಮೊದಲು ಕೆಡಿಸುವುದೂ ಆ ಎರಡನ್ನೇ.

ಕೈ ಹಚ್ಚುವ ಮೊದಲು ಬಾನೆಟ್ ಎತ್ತಿ ನಿಮ್ಮದು ಯಾವ ಬಗೆಯ ಇಂಜಿನ್ ಎಂದು ತಿಳಿದುಕೊಳ್ಳಿ. ಪಂಪಿನಿಂದ ಒಂದೊಂದು ನಾಜಲ್ಲಿಗೂ ಬೇರೆ ಬೇರೆ ಉಕ್ಕಿನ ಪೈಪು ನೇರವಾಗಿ ಹೋಗಿದ್ದರೆ ಅದು ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿ. ಪಂಪಿನಿಂದ ಒಂದೇ ದಪ್ಪ ಕೊಳವೆಗೆ ಡೀಸೆಲ್ ಹೋಗಿ, ಅಲ್ಲಿಂದ ಎಲ್ಲ ಇಂಜೆಕ್ಟರುಗಳಿಗೆ ಹಂಚಿಕೆಯಾಗಿ, ಪ್ರತಿ ಇಂಜೆಕ್ಟರಿನ ತಲೆಗೂ ವೈರಿನ ಸಾಕೆಟ್ ಇದ್ದರೆ ಅದು ಕಾಮನ್ ರೈಲ್. ಹೊಗೆಯ ಮಾನದಂಡವಾದ ಬಿಎಸ್-4 ದೇಶದಾದ್ಯಂತ ಕಡ್ಡಾಯವಾದದ್ದು 2017ರ ಏಪ್ರಿಲ್ 1ರಿಂದ, ಬಿಎಸ್-6 ಬಂದದ್ದು 2020ರ ಏಪ್ರಿಲ್ 1ರಿಂದ. ಆ ಆಸುಪಾಸಿನ ಗಾಡಿಗಳಲ್ಲಿ ಹೆಚ್ಚಿನವು ಕಾಮನ್ ರೈಲಿನವು. ಆದರೂ ವರ್ಷ ನೋಡಿ ಊಹಿಸುವ ಬದಲು ಪೈಪು ನೋಡಿಯೇ ತೀರ್ಮಾನಿಸಿ, ಯಾಕೆಂದರೆ ಒಂದರ ಮೇಲೆ ಮಾಡುವ ಪರೀಕ್ಷೆ ಇನ್ನೊಂದರಲ್ಲಿ ಕೈಯನ್ನೇ ಕಳೆಯಬಹುದು. ಅದನ್ನು ಮುಂದೆ ಹೇಳುತ್ತೇನೆ.

ಹೊಗೆಯಲ್ಲಿ ಕಾಣುವುದು

ಕಪ್ಪು ಹೊಗೆ ಎಂದರೆ ಬಂದ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಕ್ಕಿಲ್ಲ. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿಯದ್ದು ಎರಡು ಬಗೆ: ಉರಿಯದೆ ಹೊರಬಿದ್ದ ಡೀಸೆಲ್, ಇಲ್ಲವೇ ಒಳಗೆ ಸೋರಿದ ನೀರಿನ ಹಬೆ. ಇಷ್ಟು ಎಲ್ಲ ಡ್ರೈವರುಗಳಿಗೂ ಗೊತ್ತು. ಮುಂದಿನದನ್ನು ಹೇಳುವುದು ಹೊತ್ತು.

ನೀಲಿ ಹೊಗೆಯನ್ನೇ ನೋಡಿ. ಬೆಳಗ್ಗೆ ಮೊದಲ ಸೆಲ್ಫಿಗೆ (ಸ್ಟಾರ್ಟರ್ ಹೊಡೆದಾಗ) ಒಂದಿಷ್ಟು ನೀಲಿ ಹೊಗೆ ಬಂದು ಎರಡು ನಿಮಿಷದಲ್ಲಿ ನಿಂತುಹೋದರೆ, ರಾತ್ರಿಯೆಲ್ಲ ವಾಲ್ವಿನ ಕಡ್ಡಿಯಗುಂಟ ಇಳಿದ ಆಯಿಲ್ ಉರಿದಿದೆ ಎಂದು ತಿಳಿಯಬೇಕು. ವಾಲ್ವ್ ಸೀಲ್ ಗಟ್ಟಿಯಾಗಿರುತ್ತದೆ. ಕೆಲಸ ಹೆಡ್ಡಿನ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದ, ಮಟ್ಟಿಗೆ ಮಾತ್ರ, ಆಯಿಲ್ ಬಹಳ ಕುಡಿಯದಿದ್ದರೆ ಸುಗ್ಗಿ ಮುಗಿಯುವವರೆಗೆ ತಡೆಯಬಹುದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು, ಕೆಳಗೆ ಮತ್ತೆ ಒತ್ತಿದಾಗ ಹೊಗೆ ಬಂದರೂ ಮೊದಲು ಇದೇ ಸೀಲನ್ನು ಶಂಕಿಸಬೇಕು. ಬಹಳ ಹೊತ್ತು ನಿಂತಲ್ಲೇ ಚಾಲೂ ಇಟ್ಟು ಹೊರಟಾಗ ನೀಲಿ ಕಾರಿದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋದ ಸೀಲು, ಅಥವಾ ಟರ್ಬೋದಿಂದ ಆಯಿಲ್ ಕೆಳಗಿಳಿಯುವ ಪೈಪು ಕಟ್ಟಿಕೊಂಡದ್ದು. ಪೈಪು ಸ್ವಚ್ಛ ಮಾಡದೆ ಹೊಸ ಟರ್ಬೋ ಹಾಕಿಸಿದರೆ ಅದೂ ಅದೇ ಹಾದಿ ಹಿಡಿಯುತ್ತದೆ. ಲೋಡ್ ಹಾಕಿಕೊಂಡು ಏರು ಹತ್ತುವಾಗ, ಕಾಯ್ದ ಮೇಲೆ, ಬಿಡದೆ ನೀಲಿ ಬಂದರೆ ಮಾತ್ರ ಪಿಸ್ಟನ್ ಸುತ್ತಲಿನ ರಿಂಗು, ಸಿಲಿಂಡರಿನ ಬೋರಿನ ಮೇಲೆ ಅನುಮಾನ ಹೋಗಬೇಕು. ನಾಲ್ಕಕ್ಕೂ ಬಣ್ಣ ಒಂದೇ, ಖರ್ಚಿನಲ್ಲಿ ಮಾತ್ರ ಭಾರಿ ಅಂತರ.

ಬಿಳಿ ಹೊಗೆಯನ್ನು ಮೂಗಿನಿಂದ ಗುರುತಿಸಬೇಕು. ಡೀಸೆಲ್ ವಾಸನೆ ಬಂದು ಕಣ್ಣುರಿದರೆ ಅದು ಉರಿಯದ ಇಂಧನ. ಬೀದರ್‌ನಲ್ಲಿ ಚಳಿಗಾಲದ ಕೆಲವು ದಿನ ಬೆಳಗಿನ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಅಂಥ ದಿನ ಹಳೆ ಇಂಜಿನ್ ಮೊದಲ ನಿಮಿಷ ಬಿಳಿ ಹೊಗೆ ಬಿಟ್ಟರೆ ಗಾಬರಿಯಾಗುವಂಥದ್ದೇನಿಲ್ಲ. ಹಳೆಯ ಟಾಟಾ ಏಸ್‌ನ ಎರಡು ಸಿಲಿಂಡರಿನ 702 ಸಿಸಿ ಇಂಜಿನ್ನಿನಂಥವುಗಳಲ್ಲಿ ಹೀಟರ್ ಪ್ಲಗ್ ಇರುತ್ತದೆ. ಚಳಿಗೆ ಸ್ಟಾರ್ಟ್ ಆಗದಿದ್ದರೆ ಕಂಪ್ರೆಷನ್ ಬಗ್ಗೆ ಮಾತಾಡುವ ಮುಂಚೆ ಆ ಪ್ಲಗ್ಗಿಗೆ ಕರೆಂಟ್ ಬರುತ್ತಿದೆಯೇ ನೋಡಬೇಕು. ಕಾಯ್ದ ಮೇಲೂ ಬಿಳಿ ಹೊಗೆ ನಿಲ್ಲದೆ, ಡೀಸೆಲ್ ವಾಸನೆಯೂ ಇಲ್ಲದೆ, ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುತ್ತಾ ಹೋದರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು.

ಕಪ್ಪು ಹೊಗೆಯಲ್ಲಿ ಇನ್ನೊಂದು ಕೈಚಳಕ ಸೇರಿಕೊಂಡಿರುತ್ತದೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಆಗಬೇಕು, ಜೊತೆಗೆ ಹೊಗೆ ತಪಾಸಣೆ. ಬಿಎಸ್-4ಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್‌ರಿಜ್ ಯೂನಿಟ್, ಬಿಎಸ್-4ಕ್ಕೆ 50; ಇದು ಹೊಗೆಯ ದಟ್ಟಣೆಯ ಅಳತೆ. ಪಾಸಾಗಲೆಂದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಕಡಿಮೆ ಮಾಡುತ್ತಾರೆ. ಮರುವಾರ ಗಾಡಿ ಎಳೆಯುತ್ತಿಲ್ಲ ಎಂದು ಇನ್ನೊಂದು ಗ್ಯಾರೇಜಿನಲ್ಲಿ ಅದನ್ನೇ ಜಾಸ್ತಿ ಮಾಡಿಸುತ್ತಾರೆ. ಹೀಗೆ ಜಾಸ್ತಿ ಮಾಡಿದ ಗಾಡಿ ಖುಷಿಯಾಗಿ ಎಳೆಯುತ್ತದೆ, ಕಪ್ಪಗೆ ಕಾರುತ್ತದೆ, ಏರಿನಲ್ಲಿ ಪಿಸ್ಟನ್ನಿನ ತಲೆಯನ್ನು ಸುಡುತ್ತದೆ. ಹಳೆ ಗಾಡಿ ಕೊಂಡವರು ಪಂಪಿನ ಸ್ಕ್ರೂ ಯಾರೂ ತಿರುಗಿಸದಂತೆ ಹಾಕಿದ ಸೀಲ್ ಹರಿದಿದೆಯೇ ನೋಡಬೇಕು. ಹರಿದಿದ್ದರೆ ಪಂಪನ್ನು ಕ್ಯಾಲಿಬ್ರೇಷನ್ ಬೆಂಚಿಗೆ ಕಳಿಸಿ ಅಳತೆಗೆ ತರುವವರೆಗೂ ಆ ಗಾಡಿಯ ಹೊಗೆ ನೋಡಿ ಏನನ್ನೂ ಹೇಳಲಾಗದು.

ಇನ್ನು ಆಯಿಲ್ ಕಪ್ಪಗಾಗಿದೆ ಎಂದು ಹೆದರುವವರಿದ್ದಾರೆ. ಡೀಸೆಲ್ ಇಂಜಿನ್ನಿನ ಆಯಿಲ್ ಬದಲಿಸಿದ ಸ್ವಲ್ಪ ದಿನಕ್ಕೇ ಮಸಿಗೆ ಕಪ್ಪಾಗುತ್ತದೆ, ಅದು ಅದರ ಕೆಲಸ. ಹೆದರಬೇಕಾದ್ದು ಅದು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದಾಗ, ಅಂದರೆ ನೀರು ಸೇರಿದಾಗ. ಮತ್ತು ಹಾಕದೆಯೇ ಮಟ್ಟ ಏರಿದಾಗ.

ಡೀಸೆಲ್ ಬರುವ ದಾರಿ

‘ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಹತ್ತು ಸೆಲ್ಫ್ ಹೊಡೆದರೂ ಹಿಡಿಯಲ್ಲ, ಒಮ್ಮೆ ಹಿಡಿದರೆ ದಿನವಿಡೀ ಅರ್ಧ ಸೆಲ್ಫಿಗೆ ಚಾಲೂ’ ಎನ್ನುವ ದೂರಿಗೆ ಕಂಪ್ರೆಷನ್ ಹೋಗಿದೆ ಎಂದುಬಿಡುವುದು ಸುಲಭ. ಆದರೆ ಪಿಕಪ್ಪಿನ ಟ್ಯಾಂಕು ಚಾಸಿಯ ಪಕ್ಕದಲ್ಲಿ, ಪಂಪಿಗಿಂತ ಕೆಳಗೆ ಇರುತ್ತದೆ. ನಡುವೆ ಎಲ್ಲಾದರೂ ರಬ್ಬರ್ ಪೈಪು ಬಿರುಕುಬಿಟ್ಟು, ವಾಷರ್ ಸವೆದು ಗಾಳಿ ಎಳೆದರೆ ರಾತ್ರಿಯೆಲ್ಲ ಡೀಸೆಲ್ ನಿಧಾನಕ್ಕೆ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಡೀಸೆಲ್ ಹೊರಗೆ ಸೋರುವುದಿಲ್ಲ, ಹಾಗಾಗಿ ಕಣ್ಣಿಗೆ ಏನೂ ಕಾಣುವುದಿಲ್ಲ.

ಇದನ್ನು ಖರ್ಚಿಲ್ಲದೆ ಪರೀಕ್ಷಿಸಬಹುದು. ಒಂದು ರಾತ್ರಿ ಗಾಡಿಯನ್ನು ಮೂತಿ ಇಳಿಜಾರಿಗೆ ಬರುವಂತೆ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡಿ. ಮೂತಿ ಕೆಳಗಾದರೆ ಟ್ಯಾಂಕಿಗೂ ಪಂಪಿಗೂ ಇರುವ ಎತ್ತರದ ವ್ಯತ್ಯಾಸ ಕಡಿಮೆಯಾಗಿ ಡೀಸೆಲ್ ಹಿಂದಕ್ಕೆ ಹರಿಯುವುದಿಲ್ಲ. ಬೆಳಗ್ಗೆ ಸಲೀಸಾಗಿ ಹಿಡಿದರೆ ದೋಷ ಪೈಪಿನಲ್ಲಿದೆ, ಇಂಜಿನ್ನಿನಲ್ಲಿಲ್ಲ. ಖಚಿತ ಮಾಡಿಕೊಳ್ಳಬೇಕಾದರೆ ಡೀಸೆಲ್ ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಒಂದು ತುಂಡು ಪಾರದರ್ಶಕ ಪೈಪು ಹಾಕಿ ಚಾಲೂ ಮಾಡಿ; ಗುಳ್ಳೆ ಹರಿದರೆ ಗಾಳಿ ಎಳೆಯುತ್ತಿದೆ ಎಂದಾಯಿತು. ಟ್ಯಾಂಕಿನ ಕಡೆಯಿಂದ ಒಂದೊಂದೇ ಜೋಡಣೆ ಬಿಗಿ ಮಾಡುತ್ತಾ ಬಂದರೆ ಗುಳ್ಳೆ ಎಲ್ಲಿ ನಿಂತಿತೋ ಅಲ್ಲೇ ತೂತು.

ಇನ್ನೊಂದು ದೂರು: ಖಾಲಿ ಗಾಡಿ ಚೆನ್ನಾಗಿ ಓಡುತ್ತದೆ, ಹೊರಟು ಇಪ್ಪತ್ತು-ಮೂವತ್ತು ಕಿಲೋಮೀಟರ್ ಆದ ಮೇಲೆ ಕುಂಟುತ್ತಾ ನಿಂತುಬಿಡುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ. ಜೇವರ್ಗಿ ರಸ್ತೆಯಲ್ಲಿ ಹೀಗೆ ನಿಂತ ಗಾಡಿಗೆ ಪಂಪು ಬದಲಿಸಲು ಹೊರಡುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಸುಸ್’ ಎಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಸಣ್ಣ ಗಾಳಿಕಂಡಿ ಮಣ್ಣಿನಿಂದ ಕಟ್ಟಿಕೊಂಡಿದೆ. ಡೀಸೆಲ್ ಖರ್ಚಾದಂತೆ ಟ್ಯಾಂಕಿಗೆ ಗಾಳಿ ಬರಬೇಕು. ಬಾರದಿದ್ದರೆ ಪಂಪು ಎಳೆದೂ ಎಳೆದೂ ಸೋಲುತ್ತದೆ. ಮುಚ್ಚಳದಲ್ಲಿ ದೋಷವಿಲ್ಲದಿದ್ದರೆ ಟ್ಯಾಂಕಿನೊಳಗಿನ ಜಾಳಿಗೆ ಕಸ ಹತ್ತಿರಬಹುದು. ಹೊಲಕ್ಕೆ ಕ್ಯಾನಿನಲ್ಲಿ ತಂದ ಡೀಸೆಲ್ಲನ್ನೇ ಗಾಡಿಗೂ ಸುರಿಯುವವರ ಟ್ಯಾಂಕಿನ ತಳದಲ್ಲಿ ಕರಿಮಣ್ಣಿನ ಕೆಸರು, ನೀರು ಎರಡೂ ಇರುತ್ತವೆ. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಬಿಟ್ಟು ಅರ್ಧ ಗಂಟೆ ಇಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ನೀರು ಮೊದಲು ತಿನ್ನುವುದು ಪಂಪು ಮತ್ತು ನಾಜಲ್‌ಗಳನ್ನು.

ಇಂಜಿನ್ ನಡುಗುತ್ತಾ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅನ್ನಿಸಿದರೆ, ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ಮಿಸ್ತ್ರಿಗಳು ನಾಜಲ್ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿ ಕೇಳುತ್ತಾರೆ. ಚೆನ್ನಾಗಿರುವ ಸಿಲಿಂಡರಿನ ನಟ್ ಸಡಿಲಿಸಿದರೆ ಇಂಜಿನ್ ಇನ್ನಷ್ಟು ಕುಂಟುತ್ತದೆ. ಸತ್ತ ಸಿಲಿಂಡರಿನದ್ದು ಸಡಿಲಿಸಿದರೆ ಏನೂ ವ್ಯತ್ಯಾಸವಾಗುವುದಿಲ್ಲ. ಆಮೇಲೆ ಆ ನಾಜಲ್ ತೆಗೆದು ಪಕ್ಕದ ಸಿಲಿಂಡರಿನದ್ದಕ್ಕೆ ಅದಲುಬದಲು ಮಾಡಿದರೆ ಸಾಕು. ದೋಷ ನಾಜಲ್ ಜೊತೆಗೆ ಪಕ್ಕಕ್ಕೆ ಹೋದರೆ ನಾಜಲ್ ರಿಪೇರಿ. ಅಲ್ಲೇ ಉಳಿದರೆ ಆಗ ವಾಲ್ವು, ರಿಂಗಿನ ಮಾತು. ಇಷ್ಟು ಸರಳವಾದ, ಇಷ್ಟು ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಕಾಮನ್ ರೈಲ್ ಗಾಡಿಯಲ್ಲಿ ಈ ಕೆಲಸ ಎಂದೂ ಮಾಡಕೂಡದು. ಆ ಪೈಪಿನೊಳಗೆ ಲೋಡಿನಲ್ಲಿ ಒತ್ತಡ 1,000 ಬಾರ್ ದಾಟುತ್ತದೆ. ಗಾಡಿಯ ಟಯರಿನಲ್ಲಿರುವುದು ನಾಲ್ಕೈದು ಬಾರ್. ಸಡಿಲಿಸಿದ ನಟ್ಟಿನಿಂದ ಹಾರುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ, ಡೀಸೆಲ್ ಒತ್ತಡದಲ್ಲಿ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಬೇಕು. ಈ ಗಾಡಿಗಳಿಗೆ ಬೇರೆ ಪರೀಕ್ಷೆ ಇದೆ: ಪ್ರತಿ ಇಂಜೆಕ್ಟರಿನಿಂದ ಟ್ಯಾಂಕಿಗೆ ವಾಪಸ್ ಹೋಗುವ ಸಣ್ಣ ಪೈಪಿಗೆ ಒಂದೊಂದು ಬಾಟಲಿ ಕಟ್ಟಿ ಇಂಜಿನ್ ಚಾಲೂ ಮಾಡುವುದು. ಉಳಿದವುಗಳಿಗಿಂತ ಬೇಗ ತುಂಬುವ ಬಾಟಲಿಯ ಇಂಜೆಕ್ಟರ್ ಒಳಗೆ ಸವೆದಿದೆ.

ಕಾಮನ್ ರೈಲಿನ ಇನ್ನೊಂದು ಗೊಂದಲ ಗಾಡಿಯ ಕಂಪ್ಯೂಟರ್ ಕೊಡುವ ದೋಷದ ಕೋಡ್ ಓದುವ ಸ್ಕ್ಯಾನರ್. ಮೀಟರಿನಲ್ಲಿ ಇಂಜಿನ್ ಲೈಟ್ ಹತ್ತುತ್ತದೆ, ಗಾಡಿ ಒಂದು ವೇಗದ ಮೇಲೆ ಏರುವುದಿಲ್ಲ, ಸ್ಕ್ಯಾನರ್ ‘ಪಿ 0087’ ಎನ್ನುತ್ತದೆ. ರೈಲಿನಲ್ಲಿ ಒತ್ತಡ ಸಾಲುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಕಟ್ಟಿಕೊಂಡ ಫಿಲ್ಟರ್, ಗಾಳಿ ಎಳೆಯುವ ಪೈಪು, ಸೋರುವ ಇಂಜೆಕ್ಟರ್, ಕೆಟ್ಟ ಸೆನ್ಸರ್, ಸವೆದ ಪಂಪು ಎಲ್ಲಕ್ಕೂ ಅದೇ ಕೋಡ್ ಬರುತ್ತದೆ. ಕೋಡ್ ನೋಡಿದ ಕೂಡಲೇ ಪಂಪಿನ ಬೆಲೆ ಹೇಳುವವರ ಹತ್ತಿರ ಗಾಡಿ ಬಿಡಬೇಡಿ. ಮೊದಲು ಫಿಲ್ಟರ್ ಹಾಕಿಸಿ, ಪಾರದರ್ಶಕ ಪೈಪು, ಬಾಟಲಿ ಪರೀಕ್ಷೆ ಮಾಡಿಸಿ. ಪಂಪಿನ ಸರದಿ ಕೊನೆಗೆ.

ಧೂಳು

ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳ ರಸ್ತೆಯಲ್ಲಿ ಓಡುವ ಗಾಡಿ, ರಾಶಿ ಮಷೀನಿನ ಪಕ್ಕ ತೊಗರಿ ಹೊಟ್ಟಿನಲ್ಲಿ ನಿಲ್ಲುವ ಗಾಡಿ ಇವೆರಡರ ಏರ್ ಫಿಲ್ಟರ್ ಕಂಪನಿಯ ಪುಸ್ತಕದಲ್ಲಿ ಬರೆದಷ್ಟು ಕಿಲೋಮೀಟರ್ ಬಾಳುವುದಿಲ್ಲ. ಕಟ್ಟಿಕೊಂಡ ಫಿಲ್ಟರ್ ಕಪ್ಪು ಹೊಗೆ ಕೊಟ್ಟು ಎಚ್ಚರಿಸುತ್ತದೆ. ಹರಿದದ್ದು ಎಚ್ಚರಿಸುವುದಿಲ್ಲ, ಗಾಡಿ ಇನ್ನೂ ಚೆನ್ನಾಗಿಯೇ ಎಳೆಯುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಪೈಪಿನಿಂದ ಕಾಗದದ ಫಿಲ್ಟರಿಗೆ ಹತ್ತಿರದಿಂದ ಜೋರಾಗಿ ಊದಿಸುವುದು ಅದನ್ನು ಹರಿಯುವ ಖಚಿತ ದಾರಿ.

ಫಿಲ್ಟರ್ ಡಬ್ಬಿಯಿಂದ ಇಂಜಿನ್ನಿಗೆ ಅಥವಾ ಟರ್ಬೋಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿ ಒಳಗೆ ಬೆರಳು ಸವರಿ. ಎಣ್ಣೆಯ ತೇವ ಸ್ವಲ್ಪ ಇದ್ದರೆ ಇರಲಿ. ಬೆರಳಿಗೆ ಮರಳು ಮರಳಾಗಿ ಸಿಕ್ಕರೆ ಧೂಳು ಸೋಸದೆ ಒಳಗೆ ಹೋಗುತ್ತಿದೆ. ಫಿಲ್ಟರ್ ಹೊಸದಾಗಿದ್ದರೂ ಕ್ಲಿಪ್ಪು ಸಡಿಲವಿದ್ದರೆ, ಹೋಸಿನ ಕೆಳಭಾಗ ಸೀಳಿದ್ದರೆ ಇದೇ ಕಥೆ. ಇಲ್ಲಿ ಹಳೆ ಇಂಜಿನ್ನುಗಳ ರಿಂಗು, ಬೋರು ಬೇಗ ಸವೆಯುವುದಕ್ಕೆ ದೊಡ್ಡ ಕಾರಣ ಈ ಮರಳೇ. ಅದನ್ನು ನಿಲ್ಲಿಸದೆ ಬೋರ್ ಹೊಡೆಸಿದವರು ಒಂದೆರಡು ವರ್ಷದಲ್ಲಿ ಮತ್ತೆ ಬರುತ್ತಾರೆ.

ಟರ್ಬೋ ಇರುವ ಗಾಡಿ ಎಳೆಯುತ್ತಿಲ್ಲ ಎಂದಾಗ ಟರ್ಬೋದಿಂದ ಇಂಜಿನ್ನಿಗೆ ಹೋಗುವ ದಪ್ಪ ಹೋಸನ್ನೂ ತಡವಿ ನೋಡಿ. ಲೋಡಿನಲ್ಲಿ ಮಾತ್ರ ಬಾಯಿಬಿಡುವ ಸೀಳು ನಿಂತಾಗ ಕಾಣುವುದಿಲ್ಲ. ಆದರೆ ಸೀಳಿನ ಸುತ್ತ ಎಣ್ಣೆ ಮಸಿ ಹತ್ತಿರುತ್ತದೆ.

ಬೇಸಿಗೆಯ ದೂರು

ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಬಿಸಿಲು 42-43 ಡಿಗ್ರಿ ಮುಟ್ಟಿದಾಗ ಹಳೆ ಗಾಡಿಗಳು ಹೀಟ್ ಆಗುವುದು ಮಾಮೂಲು ಎಂದುಕೊಂಡಿದ್ದೇವೆ. ಕೂಲಿಂಗ್ ಸರಿಯಿರುವ ಗಾಡಿ ಆ ಬಿಸಿಲಿಗೂ ಹೀಟ್ ಆಗಕೂಡದು. ಇಲ್ಲೂ ಯಾವಾಗ ಎಂದೇ ಕೇಳಬೇಕು.

ಗಂಜಿನ ಸಾಲಿನಲ್ಲಿ ನಿಂತಾಗ ಕಾಯ್ದು, ರಸ್ತೆಗೆ ಬಿದ್ದ ಮೇಲೆ ಇಳಿದರೆ ಫ್ಯಾನು, ಫ್ಯಾನ್ ಬೆಲ್ಟು ನೋಡಿ. ಓಡುವಾಗ ಎದುರುಗಾಳಿ ಮಾಡುವ ಕೆಲಸವನ್ನು ನಿಂತಾಗ ಫ್ಯಾನ್ ಮಾಡಬೇಕು, ಅದು ಮಾಡುತ್ತಿಲ್ಲ. ನಿಂತಾಗ ಸರಿಯಿದ್ದು, ಚಿಂಚೋಳಿ ಕಡೆಯ ಏರಿನಲ್ಲೋ ಸುರಪುರದ ಗುಡ್ಡದಲ್ಲೋ ಲೋಡ್ ಹೊತ್ತು ಹತ್ತುವಾಗ ಕಾಯ್ದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ. ಕಾರಣ ನಮ್ಮ ಬೋರ್‌ವೆಲ್ ನೀರು. ಚಹಾ ಪಾತ್ರೆಯ ತಳಕ್ಕೆ ಬಿಳಿ ಪದರ ಹಿಡಿಸುವ ಅದೇ ಸುಣ್ಣ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಅರ್ಧಕ್ಕರ್ಧ ಬೆರೆಸಿ ಹಾಕುವ ಖರ್ಚು ಒಂದು ಹೆಡ್ ಗ್ಯಾಸ್ಕೆಟ್ಟಿನ ಕೂಲಿಗೂ ಸಮನಾಗುವುದಿಲ್ಲ. ಹೊರಗಿನಿಂದಲೂ ನೋಡಿ: ರೇಡಿಯೇಟರಿನ ರೆಕ್ಕೆಗಳ ನಡುವೆ ತೊಗರಿ ಹೊಟ್ಟು, ಹುಳು ತುಂಬಿದ್ದರೆ ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಹೊಡೆದು ತೊಳೆಯಬೇಕು, ಎದುರಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಕೂರುತ್ತದೆ.

ಎಲ್ಲಕ್ಕಿಂತ ಅಗ್ಗದ ವಸ್ತು ರೇಡಿಯೇಟರಿನ ಮುಚ್ಚಳ. ಅದರ ಸ್ಪ್ರಿಂಗ್ ಒಳಗೆ ಸುಮಾರು ಒಂದು ಬಾರ್ ಒತ್ತಡ ಹಿಡಿದಿಡುತ್ತದೆ, ಅದರಿಂದ ನೀರು ನೂರು ಡಿಗ್ರಿಗೆ ಕುದಿಯದೆ ನೂರಿಪ್ಪತ್ತರ ಹತ್ತಿರದವರೆಗೆ ತಡೆಯುತ್ತದೆ. ಸ್ಪ್ರಿಂಗ್ ಸತ್ತ ಮುಚ್ಚಳ ಹಾಕಿಕೊಂಡು ‘ಗಾಡಿ ನೀರು ಉಗುಳ್ತದ’ ಎಂದು ಹೆಡ್ ಬಿಚ್ಚಿಸಿದವರಿದ್ದಾರೆ. ಮುಚ್ಚಳವನ್ನು ಬಿಸಿಯಿದ್ದಾಗ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ ಎಂದು ಇಲ್ಲಿಯೂ ಒಮ್ಮೆ ಬರೆಯಲೇಬೇಕು.

ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಡುವ ಚಾಳಿ ಬಗ್ಗೆ ನನಗೆ ತಕರಾರಿದೆ. ನಮ್ಮ ಬಿಸಿಲಿಗೆ ಅದೇಕೆ ಬೇಕು ಎನ್ನುತ್ತಾರೆ. ಅದಿಲ್ಲದೆ ಇಂಜಿನ್ ತನ್ನ ಕೆಲಸದ ಬಿಸಿಗೆ ಬರಲು ತಡವಾಗುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ರಿಂಗು ಬೇಗ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಆ ವಾಲ್ವೇ ಬೈಪಾಸ್ ದಾರಿ ಮುಚ್ಚುವುದರಿಂದ, ಕಿತ್ತ ಮೇಲೆ ನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತಿ ಗಾಡಿ ಇನ್ನೂ ಜಾಸ್ತಿ ಕಾಯುತ್ತದೆ.

ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಖಚಿತಪಡಿಸಿಕೊಳ್ಳುವ ಹೊತ್ತು ಬೆಳಗ್ಗೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಚಾಲೂ ಮಾಡಿ. ನೀರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ ಸಿಲಿಂಡರಿನ ಗಾಳಿ ನೀರಿನೊಳಗೆ ನುಗ್ಗುತ್ತಿದೆ. ಮುಚ್ಚಳ ಹಾಕಿ ಒಂದೆರಡು ನಿಮಿಷದಲ್ಲೇ, ಇಂಜಿನ್ ಕಾಯುವ ಮುಂಚೆಯೇ, ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೂ ಅದೇ ಅರ್ಥ. ನೀರು ಇನ್ನೂ ಬಿಸಿಯಾಗಿಲ್ಲದಿರುವಾಗ ಒತ್ತಡ ಬರಲು ಬೇರೆ ದಾರಿಯಿಲ್ಲ.

ಇಂಜಿನ್ನಿನದ್ದೇ ಅಲ್ಲದ ದೋಷಗಳು

ಎಳೆಯುತ್ತಿಲ್ಲ ಎನ್ನುವ ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟು ನೋಡಿ. ಬೇಗ ನಿಂತರೆ ಬ್ರೇಕ್ ಜಾಮ್ ಆಗಿದೆ. ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್. ಕ್ಲಚ್ ಪೆಡಲ್ ತುಳಿದಾಗ ನಿಂತುಹೋಗುವ ಅಥವಾ ಬದಲಾಗುವ ಕಟಕಟ ಸದ್ದನ್ನು ಇಂಜಿನ್ ಬೇರಿಂಗ್ ಎಂದು ಹೇಳಿಸಿಕೊಳ್ಳಬೇಡಿ. ಲೋಡನ್ನೂ ನೋಡಬೇಕು: ಹದಿನೈದು ಕ್ವಿಂಟಲ್‌ಗೆ ಮಾಡಿದ ಗಾಡಿಗೆ ಇಪ್ಪತ್ತೈದು ಕ್ವಿಂಟಲ್ ತೊಗರಿ ಹೇರಿ, ಹೊಸದಿದ್ದಾಗ ಎಳೀತಿತ್ತು ಎಂದರೆ ಇಂಜಿನ್ ಏನು ಉತ್ತರ ಕೊಟ್ಟೀತು.

ಕಂಪ್ರೆಷನ್ನಿನ ತೀರ್ಪು

ಇಷ್ಟೆಲ್ಲ ದಾಟಿಯೂ ದೂರು ಉಳಿದರೆ ಆಗ ಒಳಗಿನ ಸವೆತ. ಇಂಜಿನ್ ಚೆನ್ನಾಗಿ ಕಾಯ್ದ ಮೇಲೆ, ನಿಂತಲ್ಲಿ ಚಾಲೂ ಇಟ್ಟು, ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಬಾಯಿಯ ಮೇಲೆ ತಲೆಕೆಳಗಾಗಿ ಸುಮ್ಮನೆ ಇಡಿ. ಮುಚ್ಚಳ ಅಲ್ಲೇ ಕಂಪಿಸುತ್ತಿದ್ದರೆ ಈ ವಯಸ್ಸಿಗೆ ಸರಿಯೇ. ಹೊಗೆ ಬುಸುಗುಟ್ಟುತ್ತಾ ಮುಚ್ಚಳವನ್ನು ಹಾರಿಸಿದರೆ ರಿಂಗುಗಳ ಪಕ್ಕದಿಂದ ಗಾಳಿ ಕೆಳಗಿಳಿಯುತ್ತಿದೆ, ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುವುದು ಇದನ್ನೇ. ಆದರೆ ಇಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪು ಕಟ್ಟಿಕೊಂಡಿದ್ದರೂ ಮುಚ್ಚಳ ಹಾರುತ್ತದೆ, ಅದನ್ನು ಮೊದಲು ಬಿಚ್ಚಿ ಊದಿ ನೋಡಿ.

ಅಂತಿಮ ತೀರ್ಪಿಗೆ ಕಂಪ್ರೆಷನ್ ಗೇಜ್ ಬೇಕು, ಅದೂ ಡೀಸೆಲ್ಲಿನದ್ದು. ಪೆಟ್ರೋಲ್ ಗಾಡಿಯ ಗೇಜ್ ಈ ಒತ್ತಡ ತಡೆಯುವುದಿಲ್ಲ. ಒಳ್ಳೆಯ ಡೀಸೆಲ್ ಇಂಜಿನ್ ಸುಮಾರು 350ರಿಂದ 450 ಪಿಎಸ್‌ಐ ತೋರಿಸುತ್ತದೆ. ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ನಾಲ್ಕೂ ಸ್ವಲ್ಪ ಕಡಿಮೆ ಇದ್ದು ಸಮನಾಗಿದ್ದರೆ ಇಂಜಿನ್ ಒಂದೇ ಹದವಾಗಿ ಸವೆದಿದೆ; ಆಯಿಲ್ ಕುಡಿಯುವುದು ಮಿತಿಯಲ್ಲಿದ್ದರೆ ಇನ್ನೊಂದೆರಡು ಸುಗ್ಗಿ ತೆಗೆಯಬಹುದು. ಒಂದೇ ಸಿಲಿಂಡರ್ ಬಹಳ ಕೆಳಗಿದ್ದರೆ ಅಲ್ಲಿ ವಾಲ್ವು ಸುಟ್ಟಿದೆ ಅಥವಾ ರಿಂಗು ಮುರಿದಿದೆ. ಅಕ್ಕಪಕ್ಕದ ಎರಡು ಒಟ್ಟಿಗೆ ಕೆಳಗಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಹರಿದಿದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಮಾಡುವಂತೆ ಸಿಲಿಂಡರಿಗೆ ಆಯಿಲ್ ಹಾಕಿ ಮತ್ತೆ ಅಳೆಯುವುದು ಇಲ್ಲಿ ಬೇಡ. ಡೀಸೆಲ್ಲಿನ ಸಿಲಿಂಡರಿನಲ್ಲಿ ಜಾಗ ಬಹಳ ಕಡಿಮೆ, ಆಯಿಲ್ಲೇ ಅದನ್ನು ತುಂಬಿ ಸುಳ್ಳು ಅಂಕಿ ತೋರಿಸುತ್ತದೆ.

ಆಯಿಲ್ ಲೈಟಿನ ವಿಷಯವೂ ಇಲ್ಲೇ ಬರುತ್ತದೆ. ಕಾಯ್ದ ಮೇಲೆ ನಿಂತಾಗ ಮಾತ್ರ ಮಿಣುಕಿದರೆ ಸ್ವಿಚ್ ಕೆಟ್ಟಿರಬಹುದು, ಆಯಿಲ್ ತೆಳ್ಳಗಾಗಿರಬಹುದು, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನ ಬೇರಿಂಗ್ ಸವೆದಿರಬಹುದು. ಸ್ವಿಚ್ಚಿನ ಜಾಗದಲ್ಲಿ ಮೆಕ್ಯಾನಿಕಲ್ ಗೇಜ್ ಹಾಕಿಸಿ ಅಳೆಸಿದರೆ ಗೊತ್ತಾಗುತ್ತದೆ. ಲೋಡಿನಲ್ಲಿ ತಳದಿಂದ ಭಾರವಾದ ಡಗ್ ಡಗ್ ಸದ್ದೂ ಜೊತೆಗಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ ಎಳೆಸಿಕೊಂಡು ಬನ್ನಿ. ಬೇರಿಂಗಿನ ಖರ್ಚಿನಲ್ಲಿ ಮುಗಿಯುವುದು ಇನ್ನೊಂದು ಇಪ್ಪತ್ತು ಕಿಲೋಮೀಟರಿಗೆ ಕ್ರ್ಯಾಂಕಿನ ಖರ್ಚಾಗುತ್ತದೆ.

ಆಯಿಲ್ ಮಟ್ಟ ತಾನಾಗಿ ಏರುವುದನ್ನು ಮೇಲೆ ಹೇಳಿದೆ. ಪಂಪಿನ ಸೀಲಿನಿಂದ ಡೀಸೆಲ್ ಸೋರಿ ಆಯಿಲ್ಲಿಗೆ ಸೇರಿದಾಗ ಹೀಗಾಗುತ್ತದೆ. ಅದು ಆಯಿಲನ್ನು ತೆಳ್ಳಗೆ ಮಾಡುತ್ತದೆ. ಬ್ರೀದರಿನ ಮೂಲಕ ಅದೇ ಆಯಿಲನ್ನು ಇಂಜಿನ್ ಎಳೆದುಕೊಂಡು ತಾನಾಗಿ ರೇಸ್ ಆಗಲೂಬಹುದು. ಟರ್ಬೋ ಸೀಲ್ ಪೂರ್ತಿ ಹೋದಾಗಲೂ ಹೀಗೇ. ಆಗ ಚಾವಿ ತೆಗೆದರೂ ಇಂಜಿನ್ ನಿಲ್ಲುವುದಿಲ್ಲ. ಹೆದರಿ ಇಳಿದು ಓಡುವ ಬದಲು ಟಾಪ್ ಗೇರಿಗೆ ಹಾಕಿ, ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಕ್ಲಚ್ ಬಿಟ್ಟು ಇಂಜಿನ್ನನ್ನು ಬಂದ್ ಬೀಳಿಸಬೇಕು. ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿದರೂ ನಿಲ್ಲುತ್ತದೆ. ಕೈ ಮಾತ್ರ ಒಡ್ಡಬಾರದು.

ಹಳೆ ಗಾಡಿ ಕೊಳ್ಳಲು ಹೋದವರು ಹಿಂದಿನ ದಿನವೇ ಹೇಳಿಡಿ: ನಾನು ಬರುವವರೆಗೆ ಗಾಡಿ ಚಾಲೂ ಮಾಡಬ್ಯಾಡ್ರಿ ಅಂತ. ಹೋದ ಕೂಡಲೇ ಬಾನೆಟ್ ಎತ್ತಿ ಇಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮೊದಲ ಸೆಲ್ಫಿನ ಹೊಗೆ, ಸದ್ದು, ಗುಳ್ಳೆ ಎಲ್ಲವೂ ನಿಮ್ಮ ಕಣ್ಣು ತಪ್ಪಿಸಿ ಆಗಿಹೋಗಿವೆ. ಇನ್ನೊಂದು ದಿನ ಬರುತ್ತೇನೆ ಎಂದು ಎದ್ದುಬನ್ನಿ. ಮೀಟರಿನ ಕಿಲೋಮೀಟರ್ ನಂಬಬೇಡಿ, ಕೇಬಲ್ ಕಳಚಿದ ಮೀಟರುಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ.

ಗೇಜ್ ನೋಡಿಯೇ ಇಂಜಿನ್ ಬಿಚ್ಚಲು ಒಪ್ಪಿದ್ದರೆ, ಹಾಫ್ ಇಂಜಿನ್ನೋ ಫುಲ್ ಇಂಜಿನ್ನೋ ಎಂದು ಮೊದಲೇ ಮಾತಾಡಬೇಡಿ. ಹಾಫ್ ಎಂದರೆ ಹೆಡ್ಡು, ಪಿಸ್ಟನ್, ರಿಂಗಿನ ಕೆಲಸ. ಫುಲ್ ಎಂದರೆ ಕ್ರ್ಯಾಂಕೂ ಸೇರಿ. ಯಾವುದೆಂದು ಹೇಳುವುದು ಲೇತ್ ಅಂಗಡಿಯ ಮೈಕ್ರೋಮೀಟರ್. ಬೋರು ಮತ್ತು ಕ್ರ್ಯಾಂಕಿನ ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಬದಲಿಸಿದ ಹಳೆ ಸಾಮಾನು ಚೀಲದಲ್ಲಿ ಕಟ್ಟಿ ಕೊಡಲು ಹೇಳಿ. ಕೂಡಿಸುವ ಮುಂಚೆ ಹೊಸ ಏರ್ ಫಿಲ್ಟರ್, ಅದರ ಹೋಸ್, ಕ್ಲಿಪ್ಪು, ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಮುಚ್ಚಳ ಲೆಕ್ಕಕ್ಕೆ ಸೇರಿರಲಿ. ಮೊದಲ ಸಾವಿರ ಕಿಲೋಮೀಟರ್ ಅರ್ಧ ಲೋಡ್ ಸಾಕು. ಗಾಡಿಯನ್ನು ಬಹಳ ಹೊತ್ತು ನಿಂತಲ್ಲೇ ಚಾಲೂ ಇಡಬೇಡಿ, ಒಂದೇ ವೇಗದಲ್ಲೂ ಓಡಿಸಬೇಡಿ. ಸಾವಿರ ಮುಗಿದ ಮೇಲೆ ಆಯಿಲ್ ಮತ್ತು ಅದರ ಫಿಲ್ಟರ್ ಬದಲಿಸಿ, ಟ್ಯಾಪೆಟ್ (ವಾಲ್ವಿನ ಸಂದಿನ) ಅಳತೆ ಮತ್ತೊಮ್ಮೆ ನೋಡಿಸಿ, ಆಮೇಲೆ ಪೂರ್ತಿ ಲೋಡ್ ಹೇರಿ.